ಮೂತಿ ಹುಳದ ಬಣ್ಣ ನೋಡಿದ್ರೆ ಗ್ಯಾಸ್ ಕೆಲಸ ಮಾಡಿದೆಯಾ ಇಲ್ವಾ ಗೊತ್ತಾಗತ್ತೆ

ಗೋಡೌನ್ ಕೆಲಸಕ್ಕೆ ಹೊಸದಾಗಿ ಬರೋ ಹುಡುಗ್ರಿಗೆ ಮೊದಲು ಕಲಿಸೋದೇ ಹುಳ ಎಣಿಸೋದನ್ನ. ಚೀಲಕ್ಕೆ ಪರಖಿ ಚುಚ್ಚಿ ಅಕ್ಕಿ ತೆಗಿ, ಜರಡಿ ಹಿಡಿ, ಜೀವಂತ ಎಷ್ಟು ಸತ್ತಿದ್ದು ಎಷ್ಟು ರಿಜಿಸ್ಟರಲ್ಲಿ ಬರಿ, ಮುಗೀತು. ನಾನು ಗಂಗಾವತಿ ಕಡೆ ಅಕ್ಕಿ ಗೋಡೌನ್‌ಗಳಲ್ಲಿ ಕ್ವಾಲಿಟಿ ನೋಡ್ಕೊಳೋನು, ನಮ್ಮಲ್ಲೂ ಎಲ್ಲರೂ ಹಿಂಗೇ ಬರ್ಕೊಂಡು ಬಂದಿದ್ದು. ಈಗ ನನ್ನ ಕೈಕೆಳಗಿನ ಹುಡುಗ್ರಿಗೆ ಇನ್ನೊಂದು ಕಾಲಂ ಹಾಕ್ಸಿದೀನಿ, ಹುಳದ ಬಣ್ಣ ಏನು ಅಂತ. ಯಾಕೆ ಅಂತ ಕೇಳಿದೋರಿಗೆಲ್ಲ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೀತಿದೀನಿ.

ಒಂದ್ಸಲ ಒಂದು ಸ್ಟ್ಯಾಕ್‌ಗೆ (ಒಟ್ಟಿದ ಚೀಲಗಳ ರಾಶಿಗೆ) ಗ್ಯಾಸ್ ಹಾಕ್ಸಿದ್ವಿ, ಅಂದ್ರೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಟ್ಟು ಕವರ್ ಹೊದಿಸಿ ಸುತ್ತ ಮರಳಿನ ಚೀಲ ಒತ್ತಿ ಬಿಡೋದು, ಗಾಳಿಲಿರೋ ತೇವಕ್ಕೆ ಮಾತ್ರೆಯಿಂದ ಫಾಸ್ಫೀನ್ ಹೊರಡತ್ತೆ. ಕವರ್ ತೆಗೆದಾಗ ಎಲ್ಲಾ ಸತ್ತಿತ್ತು, ಚೀಲದ ಮೇಲೆಲ್ಲ ಕಪ್ಪು ಕಪ್ಪು ಹುಳ ಉದುರಿತ್ತು, ಎಲ್ಲರೂ ಖುಷಿ. ವಾರ ಕಳೆಯೋಷ್ಟರಲ್ಲಿ ಅದೇ ಸ್ಟ್ಯಾಕ್‌ನಲ್ಲಿ ಜೀವಂತ ಹುಳ ಓಡಾಡ್ತಿದೆ. ಗ್ಯಾಸ್ ಹಾಕಿದ ಕಾಂಟ್ರಾಕ್ಟ್‌ನೋನು ನಮ್ದೇನಿಲ್ಲ ಸರ್, ಪಕ್ಕದ ಸ್ಟ್ಯಾಕ್‌ನಿಂದ ಬಂದಿದಾವೆ ಅಂದ. ಮ್ಯಾನೇಜರ್ ಸಾಹೇಬ್ರೂ ಹೂಂ ಅಂದ್ರು, ಯಾಕಂದ್ರೆ ಪಕ್ಕದ್ರಲ್ಲಿ ನಿಜವಾಗ್ಲೂ ಹುಳ ಇತ್ತು.

ನನಗೆ ಒಪ್ಪಿಗೆ ಆಗ್ಲಿಲ್ಲ. ಪಕ್ಕದ ಸ್ಟ್ಯಾಕ್‌ನಲ್ಲಿ ಇದ್ದಿದ್ದು ಹೆಚ್ಚು ಪಾಲು ಕಪ್ಪು ಹುಳ, ಇದ್ರಲ್ಲಿ ಓಡಾಡ್ತಿದ್ದಿದ್ದು ಹೆಚ್ಚು ಪಾಲು ಕೆಂಪಗಿರೋ ಕಂದು ಹುಳ. ಎರಡೂ ಅದೇ ಮೂತಿ ಹುಳ, ಬೆನ್ನ ಮೇಲೆ ಅದೇ ನಾಲ್ಕು ತಿಳಿ ಚುಕ್ಕೆ, ಉದ್ದ ಮೂತಿ, ಬಣ್ಣ ಮಾತ್ರ ಬೇರೆ. ಕಂದು ಇದ್ರೆ ಎಳೇದು ಕಪ್ಪಾದ್ರೆ ಬಲಿತಿದ್ದು ಅನ್ನೋದು ನಮ್ಮ ಹಮಾಲರಿಗೂ ಗೊತ್ತು, ಆದ್ರೆ ಯಾಕೆ ಹಂಗೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ ಒಂದು ಟ್ರೇನಿಂಗ್‌ನಲ್ಲಿ, ಕೀಟಶಾಸ್ತ್ರದ ಮೇಡಂ ಒಬ್ರು ಪಾಠ ಮಾಡಿದಾಗ.

ಅವರು ಶುರು ಮಾಡಿದ್ದೇ ಒಂದು ಪ್ರಶ್ನೆಯಿಂದ, ಅಕ್ಕಿ ಒಂದನ್ನೇ ತಿಂದು ಬದುಕೋ ಪ್ರಾಣಿಗೆ ಅಷ್ಟು ಗಟ್ಟಿ ಚಿಪ್ಪು ಎಲ್ಲಿಂದ ಬರತ್ತೆ ಅಂತ. ಅಕ್ಕಿಲಿ ಬಹುಪಾಲು ಪಿಷ್ಟ. ಚಿಪ್ಪು ಗಟ್ಟಿ ಆಗಿ ಕಪ್ಪಾಗೋಕೆ ಟೈರೋಸಿನ್, ಫಿನೈಲಲನಿನ್ ಅನ್ನೋ ಅಮೈನೋ ಆಮ್ಲ ಬೇಕು, ಅವು ಹುಳಕ್ಕೆ ಬೇಕಾದಷ್ಟು ಕಾಳಲ್ಲಿ ಇಲ್ಲ. ಆ ಕೊರತೆ ತುಂಬೋದು ಹುಳದ ಮೈಯೊಳಗೆ, ಅದರ ಜೀವಕೋಶದೊಳಗೇ ವಾಸ ಇರೋ ಒಂದು ಬ್ಯಾಕ್ಟೀರಿಯಾ. ಹೆಸರು ಸೊಡಾಲಿಸ್ ಪಿಯರಾಂಟೋನಿಯಸ್, 1927ರಲ್ಲೇ ಈ ಹುಳದೊಳಗಿನ ಬ್ಯಾಕ್ಟೀರಿಯಾ ಬಗ್ಗೆ ಬರೆದಿದ್ದ ಇಟಲಿಯ ಪಿಯರಾಂಟೋನಿ ಅನ್ನೋ ವಿಜ್ಞಾನಿ ನೆನಪಿಗೆ ಇಟ್ಟಿದ್ದು. ಕೆಲವು ಬಿ ವಿಟಮಿನ್‌ಗಳನ್ನೂ ಇದೇ ಒದಗಿಸತ್ತೆ. ತಾಯಿ ಹುಳದಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಹೀಗೇ ದಾಟ್ಕೊಂಡು ಬರತ್ತೆ, ಹೊರಗಿಂದ ಅಂಟೋ ಸೋಂಕಲ್ಲ. ಇವೆರಡೂ ಜೊತೆಯಾಗಿ ಅಂದಾಜು 28,000 ವರ್ಷ ಆಗಿದೆಯಂತೆ, ಅಂದ್ರೆ ಮನುಷ್ಯ ಕಣ ಮಾಡಿ ರಾಶಿ ಹಾಕೋದು ಕಲಿಯೋದಕ್ಕಿಂತ ಎಷ್ಟೋ ಮೊದಲು, ಆದ್ರೂ ಕೀಟಗಳ ಲೋಕದಲ್ಲಿ ಇದು ತೀರಾ ಹೊಸ ಸಂಬಂಧ ಅಂತೆ, ಗಿಡಹೇನು ಮತ್ತೆ ಅದರ ಬ್ಯಾಕ್ಟೀರಿಯಾದ ಸಂಬಂಧಕ್ಕೆ ಕೋಟಿಗಟ್ಟಲೆ ವರ್ಷ.

ಹಂಗಂತ ಹುಳ ಅದನ್ನ ಬೇಕಾಬಿಟ್ಟಿ ಓಡಾಡೋಕೆ ಬಿಟ್ಟಿಲ್ಲ. ಮರಿ ಹುಳದ ಕರುಳಿನ ಪಕ್ಕ ಒಂದು ಅಂಗ ಇದೆ, ಬ್ಯಾಕ್ಟೀರಿಯಾ ಅಲ್ಲೇ ಇರಬೇಕು. ಹುಳ ಒಂದು ಪ್ರೋಟೀನ್ ಮಾಡ್ಕೊಂಡು ಅದನ್ನ ಅಲ್ಲೇ ಕಟ್ಟಿ ಹಾಕತ್ತೆ, ಆ ಪ್ರೋಟೀನ್ ತಡೆದು ನೋಡಿದಾಗ ಬ್ಯಾಕ್ಟೀರಿಯಾ ತಪ್ಪಿಸ್ಕೊಂಡು ಬೇರೆ ಕಡೆಗೆಲ್ಲ ಹರಡಿತ್ತು, 2011ರಲ್ಲಿ ಪ್ರಕಟ ಆದ ಕೆಲಸ ಅದು. ಇಂಥದ್ರಲ್ಲಿ ಸುಮಾರಷ್ಟು ಮಾಡಿರೋದು ಫ್ರಾನ್ಸಿನ ಲಿಯಾನ್‌ನ ಇನ್ಸಾ ಸಂಸ್ಥೆಯವರು.

ನಮ್ಮ ಕೆಲಸಕ್ಕೆ ಬೇಕಾಗಿರೋದು ಮುಂದಿನ ಭಾಗ. ಕೋಶದಿಂದ (ಮರಿ ಹುಳ ಆಗೋ ಮುಂಚಿನ ಹಂತ ಅದು) ಹುಳ ಆಗಿ ಹೊರಗೆ ಬಂದ ಮೊದಲ ದಿನಗಳಲ್ಲಿ ಈ ಬ್ಯಾಕ್ಟೀರಿಯಾ ಸಂಖ್ಯೆ ಜೋರಾಗಿ ಏರತ್ತೆ, ಯಾಕಂದ್ರೆ ಚಿಪ್ಪು ಕಟ್ಟೋ ಹೊತ್ತು ಅದು, ಟೈರೋಸಿನ್ ಬೇಕು. ಚಿಪ್ಪು ಬಲಿತು ಕಪ್ಪಾಗ್ತಾ ಬಂತು ಅಂದ್ರೆ ಹುಳ ತನ್ನ ಕರುಳಿನ ಹತ್ರ ಇರೋ ಬ್ಯಾಕ್ಟೀರಿಯಾನ ತಾನೇ ಕರಗಿಸಿಬಿಡತ್ತೆ, ಹೆಚ್ಚುಕಮ್ಮಿ ಎರಡು ವಾರದೊಳಗೆ ಅಲ್ಲಿ ಎಲ್ಲಾ ಖಾಲಿ. ಹೆಣ್ಣು ಹುಳದ ಅಂಡಾಶಯದಲ್ಲಿ ಇರೋದನ್ನ ಮಾತ್ರ ಉಳಿಸ್ಕೊಳ್ಳತ್ತೆ, ಮುಂದಿನ ಪೀಳಿಗೆಗೆ ಬೇಕಲ್ಲ. ಇದನ್ನ ನಾನು ಗೋಡೌನ್‌ಗೆ ಬಂದು ಹೇಳಿದಾಗ ನಮ್ಮ ಹಮಾಲರ ಮುಖಂಡ, ವಯಸ್ಸಾದೋರು, ನಕ್ಕು "ಕೆಲ್ಸ ಮುಗೀತಂದ್ರ ನಮ್ಮನ್ನೂ ಹಂಗ ಗೇಟ್ ಹೊರಗ ಕಳಸ್ತಾರಲ್ರೀ ಸರ, ಹುಳಕ್ಕೂ ಗೊತ್ತೈತಿ ಬಿಡ್ರಿ" ಅಂದ್ರು. ನಾನು ಏನೂ ಹೇಳಕ್ಕೆ ಹೋಗ್ಲಿಲ್ಲ.

ಈಗ ಬಣ್ಣದ ಲೆಕ್ಕಕ್ಕೆ ಬರೋಣ. ಕೆಂಪಗಿರೋ ಹುಳ ಅಂದ್ರೆ ಒಳಗಿನ ಬ್ಯಾಕ್ಟೀರಿಯಾ ಇನ್ನೂ ಕೆಲಸದಲ್ಲಿದೆ, ಚಿಪ್ಪು ಇನ್ನೂ ಮುಗಿದಿಲ್ಲ, ಅಂದ್ರೆ ಹುಳ ಹುಟ್ಟಿ ಕೆಲವೇ ದಿನ. ಮೂತಿ ಹುಳ ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆ ಇಟ್ಟು ಅಂಟಿನಿಂದ ಮುಚ್ಚಿಬಿಡತ್ತೆ, ಮೊಟ್ಟೆ ಮರಿ ಕೋಶ ಎಲ್ಲಾ ಕಾಳೊಳಗೇ, ನಮ್ಮ ಜರಡಿಗೆ ಅದ್ಯಾವುದೂ ಸಿಗಲ್ಲ. ಫಾಸ್ಫೀನ್‌ಗೆ ಓಡಾಡೋ ಹುಳ ಮತ್ತೆ ಮರಿ ಬೇಗ ಸಾಯ್ತವೆ, ಮೊಟ್ಟೆ ಮತ್ತು ಕೋಶ ತಡ್ಕೊಳ್ತವೆ. ಅದಕ್ಕೇ ಗ್ಯಾಸ್ ಜೋರಾಗಿ ಇರೋದಕ್ಕಿಂತ ಹೆಚ್ಚು ದಿನ ನಿಲ್ಲೋದು ಮುಖ್ಯ ಅಂತ ಹೇಳೋದು, ಮೊಟ್ಟೆ ಒಡೆದು ಮರಿ ಆಗೋಷ್ಟು ದಿನ ಗ್ಯಾಸ್ ಒಳಗೆ ಇರಬೇಕು. ಕವರ್ ಎಲ್ಲೋ ಹರಿದಿದ್ರೆ, ಮರಳಿನ ಚೀಲ ಸರಿಯಾಗಿ ಕೂತಿಲ್ಲ ಅಂದ್ರೆ, ಇಲ್ಲಾ ಲಾರಿ ಬಂತು ಲೋಡ್ ಮಾಡ್ಬೇಕು ಅಂತ ಅವಧಿಗೆ ಮುಂಚೆ ಕವರ್ ಎತ್ತಿದ್ರೆ, ಮೇಲೆ ಓಡಾಡೋವೆಲ್ಲ ಸತ್ತು ಬಿದ್ದಿರ್ತವೆ, ನೋಡೋಕೆ ಭರ್ಜರಿ ರಿಸಲ್ಟು, ಆದ್ರೆ ಕಾಳೊಳಗಿನ ಕೋಶ ಬದುಕಿ ವಾರದೊಳಗೆ ಕಂದು ಹುಳ ಆಗಿ ಹೊರಗೆ ಬರತ್ತೆ. ಮೊಟ್ಟೆ ಬದುಕಿದ್ರೆ ಅದು ಹುಳ ಆಗೋಕೆ ತಿಂಗಳು ಬೇಕು, ಆಗ ಇನ್ನೊಂದು ಕಂದು ಅಲೆ. ಆ ಎರಡನೇ ಅಲೆ ಬಂದಾಗ ಎಲ್ಲರೂ ಇದು ಹೊಸದಾಗಿ ಹತ್ತಿದ ಹುಳ ಅಂತಾರೆ.

ಅದೇ ಪಕ್ಕದಿಂದ ನಡ್ಕೊಂಡೋ ಹಾರ್ಕೊಂಡೋ ಬಂದಿದ್ರೆ ಕಪ್ಪು ಕಂದು ಎರಡೂ ಬೆರೆತಿರತ್ತೆ, ಕಪ್ಪೇ ಹೆಚ್ಚು.

ಇಷ್ಟು ಹೇಳಿದ್ರೂ ಬರೀ ಬಣ್ಣ ನೋಡಿ ಕಾಂಟ್ರಾಕ್ಟ್‌ನೋನ ಮೇಲೆ ಲೆಟರ್ ಬರೀಬೇಡಿ. ನಾನು ಮಾಡಿದ್ದು ಇಷ್ಟು, ಆ ಸ್ಟ್ಯಾಕ್‌ನ ಬೇರೆ ಬೇರೆ ಎತ್ತರದ ಚೀಲದಿಂದ ಅಕ್ಕಿ ತೆಗೆದು, ಜರಡಿ ಹಿಡಿದು ಇರೋ ಹುಳ ಎಲ್ಲಾ ತೆಗೆದು ಹಾಕಿ, ಗಾಜಿನ ಬಾಟ್ಲಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿ ಆಫೀಸ್ ಟೇಬಲ್ ಮೇಲೆ ಇಟ್ಟೆ. ದಿನಾ ಟೀ ಕುಡಿಯೋ ಟೈಮಲ್ಲಿ ನೋಡೋದು. ಬಾಟ್ಲಿ ಒಳಗೆ ಕಂದು ಹುಳ ಬರಕ್ಕೆ ಶುರು ಆಯ್ತು. ಬಟ್ಟೆ ಕಟ್ಟಿದ ಬಾಟ್ಲಿಗೆ ಪಕ್ಕದ ಸ್ಟ್ಯಾಕ್‌ನಿಂದ ಯಾರು ಬರ್ತಾರೆ? ಮ್ಯಾನೇಜರ್ ಸಾಹೇಬ್ರ ಮುಂದೆ ಬಾಟ್ಲಿ ಇಟ್ಟ ಮೇಲೆ ಮಾತು ಬೇಕಾಗ್ಲಿಲ್ಲ, ಮತ್ತೆ ಗ್ಯಾಸ್ ಹಾಕ್ಸಿದ್ರು, ಈ ಸಲ ಕವರ್ ತೂತು ಎಲ್ಲಾ ಟೇಪ್ ಹಚ್ಚಿ ಬೇಕಾದಷ್ಟು ದಿನ ಪೂರ್ತಿ ಬಿಟ್ರು.

ಟ್ರೇನಿಂಗ್‌ನಲ್ಲಿ ಒಬ್ಬ ಕೇಳಿದ, ಹಂಗಾದ್ರೆ ಬ್ಯಾಕ್ಟೀರಿಯಾನೇ ಕೊಂದ್ರೆ ಹುಳ ಸಾಯಲ್ವಾ ಮೇಡಂ ಅಂತ. ಸಾಯಲ್ಲ ಅನ್ನೋದೇ ಬೇಜಾರು. 35 ಡಿಗ್ರಿ ಬಿಸಿ, ಶೇಕಡಾ 90ರಷ್ಟು ತೇವಾಂಶದಲ್ಲಿ ಒಂದು ತಿಂಗಳು ಇಟ್ಟು ಬ್ಯಾಕ್ಟೀರಿಯಾ ಇಲ್ಲದ ಮೂತಿ ಹುಳ ಲ್ಯಾಬ್‌ನಲ್ಲಿ ಮಾಡಿದಾರೆ, ಅವು ತಿಳಿ ಬಣ್ಣ, ಚಿಪ್ಪು ತೆಳು, ಬೆಳೆಯೋದು ನಿಧಾನ, ಹಾರೋದ್ರಲ್ಲಿ ಹಿಂದೆ, ಆದ್ರೂ ಬದುಕ್ತವೆ, ಮರಿ ಹಾಕ್ತವೆ. ಕಾಳಿಗೆ ಬೀಳೋ ಇನ್ನೊಂದು ಹುಳ, ಗರಗಸ ಹಲ್ಲಿನ ಹುಳದ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ, ಅದರ ಬ್ಯಾಕ್ಟೀರಿಯಾ ಬೇರೆ ಜಾತಿದು, ಅದೂ ಚಿಪ್ಪಿಗೆ ಬೇಕಾದ್ದನ್ನೇ ಕೊಡತ್ತೆ, ಗಿಡದಲ್ಲಿ ಆ ಅಮೈನೋ ಆಮ್ಲ ತಯಾರಾಗೋ ಯಾವ ದಾರಿನ ಗ್ಲೈಫೋಸೇಟ್ ಕಳೆನಾಶಕ ಮುಚ್ಚತ್ತೋ ಅದೇ ದಾರಿ ಆ ಬ್ಯಾಕ್ಟೀರಿಯಾದಲ್ಲೂ ಇದೆ, ಜರ್ಮನಿಯ ತಂಡ ಒಂದು 2021ರಲ್ಲಿ ಗ್ಲೈಫೋಸೇಟ್‌ನಿಂದ ಆ ಜೊತೆಗಾರಿಕೆ ಹಾಳಾಗತ್ತೆ ಅಂತ ತೋರಿಸಿದಾರೆ. ಇದನ್ನ ಓದಿ ಯಾರಾದ್ರೂ ತಿನ್ನೋ ಅಕ್ಕಿಗೆ ಕಳೆನಾಶಕ ಹೊಡೆಯೋಕೆ ಹೋದ್ರೆ ಅಂಥೋರಿಗೆ ದೊಡ್ಡ ನಮಸ್ಕಾರ. ಮಾತ್ರೆನೂ ಅಷ್ಟೆ, ಮನೆ ಅಕ್ಕಿ ಡಬ್ಬಕ್ಕೆ ಹಾಕೋ ವಸ್ತು ಅಲ್ಲವೇ ಅಲ್ಲ, ಆ ಗ್ಯಾಸ್ ಮನುಷ್ಯರನ್ನ ಕೊಲ್ಲತ್ತೆ.

ನನಗೆ ಇದ್ರಲ್ಲಿ ಹಿಡಿಸಿದ್ದು ಬೇರೆ ವಿಷಯ. ಆ ಗರಗಸ ಹಲ್ಲಿನ ಹುಳದಲ್ಲಿ ಬ್ಯಾಕ್ಟೀರಿಯಾ ತೆಗೆದು ಚಿಪ್ಪು ತೆಳು ಆದಾಗ ಒಣ ಹವೆಯಲ್ಲಿ ಅದು ತಡ್ಕೊಳೋದು ಕಷ್ಟ, ಮೈಯಿನ ನೀರು ಬೇಗ ಆರಿ ಹೋಗತ್ತೆ. ನಮ್ಮಜ್ಜಿ ಜೋಳಕ್ಕೆ ಬೂದಿ ಕಲಸಿಡ್ತಿದ್ರು, ತೊಗರಿಗೆ ಕೆಮ್ಮಣ್ಣು ಕಟ್ಟೋರು ಈಗ್ಲೂ ಇದಾರೆ, ಆ ನುಣ್ಣನೆ ಪುಡಿ ಹುಳದ ಮೈಮೇಲಿನ ಮೇಣ ಉಜ್ಜಿ ತೆಗೆದು ನೀರು ಆರಿಸಿಬಿಡತ್ತೆ. ಕಾಳು ಚೆನ್ನಾಗಿ ಒಣಗಿಸಿ ತುಂಬಿದ್ರೆ ಆ ನೀರು ವಾಪಸ್ ಸಿಗೋ ದಾರಿನೂ ಕಮ್ಮಿ. ಬ್ಯಾಕ್ಟೀರಿಯಾ ಅಷ್ಟು ಕಷ್ಟಪಟ್ಟು ಕಟ್ಟಿಸೋ ಚಿಪ್ಪಿನ ಮೇಲೇ ಅಜ್ಜಿ ಕೈ ಇಟ್ಟಿದ್ದು ಅಂತ ಈಗ ಅನ್ಸತ್ತೆ.

ಬಣ್ಣದ ಕಾಲಂ ಮೂತಿ ಹುಳಕ್ಕೆ ಮಾತ್ರ ಇಟ್ಕೊಳ್ಳಿ. ಭತ್ತದ ಗೋಡೌನ್‌ನವರಿಗೆ ಜಾಸ್ತಿ ಕಾಟ ಕೊಡೋ ಕಾಳು ಕೊರಕ ಹುಳದೊಳಗೂ ಬ್ಯಾಕ್ಟೀರಿಯಾ ಇದೆ, ಒಂದಲ್ಲ ಎರಡು ಜಾತಿ, ಆದ್ರೆ ಅದ್ರಲ್ಲಿ ನಾನು ಬಣ್ಣ ನಂಬಲ್ಲ, ಚೀಲದ ಕೆಳಗೆ ಉದುರಿರೋ ಹಿಟ್ಟು ನೋಡ್ತೀನಿ, ಗುಡಿಸಿ ಹಾಕಿ ನಾಲ್ಕು ದಿನ ಬಿಟ್ಟು ಮತ್ತೆ ಹೊಸ ಹಿಟ್ಟು ಬಿದ್ದಿದ್ರೆ ಒಳಗೆ ಜೀವ ಇದೆ ಅಂತ ಲೆಕ್ಕ. ಬಾಟ್ಲಿ ಮಾತ್ರ ಎರಡಕ್ಕೂ ನಡೆಯತ್ತೆ, ಮೇಲೆ ಸ್ಟ್ಯಾಕ್ ನಂಬರ್, ಕವರ್ ತೆಗೆದ ತಾರೀಖು ಬರೆದು ಚೀಟಿ ಅಂಟಿಸಿ, ಇಲ್ಲಾಂದ್ರೆ ಯಾರೋ ಕಸ ಅಂತ ಎತ್ತಿ ಬಿಸಾಕ್ತಾರೆ.