1707ರ ಕರಾರು ಇನ್ನೂ ಜಾರಿಯಲ್ಲಿದೆ: ಎಡಿನ್‌ಬರಾದಿಂದ

ಊರಿನಿಂದ ಫೋನ್ ಬಂದರೆ "ಇಂಗ್ಲೆಂಡಿನಲ್ಲಿ ಈಗ ಚಳಿಯಾ?" ಎಂಬ ಮಾತು ಇದ್ದೇ ಇರುತ್ತದೆ. ಮಾತಿಗೆ ಅದು ಸಾಕು. ಆದರೆ ಓದಲೋ ಕೆಲಸಕ್ಕೋ ಸ್ಕಾಟ್ಲೆಂಡಿಗೆ ಬರುವವರು ಇದೂ ಇಂಗ್ಲೆಂಡೇ ಎಂದುಕೊಂಡು ಬಂದರೆ ಬಾಡಿಗೆ, ತೆರಿಗೆ, ಮನೆ ಖರೀದಿ ಎಲ್ಲದರಲ್ಲೂ ಎಡವುತ್ತಾರೆ. ಲಂಡನ್‌ನ ಗೆಳೆಯರು ಕೊಟ್ಟ ಸಲಹೆ ಇಲ್ಲಿ ಅರ್ಧಕ್ಕರ್ಧ ನಡೆಯುವುದಿಲ್ಲ. ಕಾರಣ ತಿಳಿಯಬೇಕಾದರೆ ಮುನ್ನೂರು ವರ್ಷ ಹಿಂದಕ್ಕೆ, 25 ಕಲಮುಗಳ ಒಂದು ಒಪ್ಪಂದದವರೆಗೆ ಹೋಗಬೇಕು.

ಮೊದಲು ಹೆಸರುಗಳು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರೂ ಸೇರಿದರೆ ಗ್ರೇಟ್ ಬ್ರಿಟನ್. ಅದಕ್ಕೆ ಉತ್ತರ ಐರ್ಲೆಂಡ್ ಸೇರಿದರೆ ಯುನೈಟೆಡ್ ಕಿಂಗ್‌ಡಮ್. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್ ಹುಟ್ಟಿದ ಐಲ್ ಆಫ್ ಮ್ಯಾನ್ ಈ ಯಾವ ಲೆಕ್ಕಕ್ಕೂ ಬರುವುದಿಲ್ಲ. ಅದು ರಾಜಮನೆತನಕ್ಕೆ ಸೇರಿದ ದ್ವೀಪ, ಅದಕ್ಕೆ ತನ್ನದೇ ಶಾಸನಸಭೆಯಿದೆ, ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ.

ಏಕೀಕರಣ ಅಂದರೆ ನಮಗೆ 1956 ನೆನಪಾಗುತ್ತದೆ: ಒಂದೇ ಭಾಷೆ ಆಡುವ ಜನ ಐದಾರು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದವರು ಒಂದಾದದ್ದು. ಇಲ್ಲಿ ಆದದ್ದು ಅದರ ತಿರುವುಮುರುವು. ಶತಮಾನಗಟ್ಟಲೆ ಪರಸ್ಪರ ಯುದ್ಧ ಮಾಡಿದ ಎರಡು ರಾಜ್ಯಗಳು ಲೆಕ್ಕ ಹಾಕಿ, ಚೌಕಾಸಿ ಮಾಡಿ, ಬರೆದುಕೊಂಡು ಒಂದಾದವು. ಉತ್ತರ ಕರ್ನಾಟಕದ ಕೌದಿಯಂತೆ ತುಂಡುಗಳು ಬೇರೆ ಬೇರೆಯಾಗಿ ಕಾಣುತ್ತಲೇ ಇವೆ.

1603ರ ಮಾರ್ಚ್ 24ರಂದು ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ಮಕ್ಕಳಿಲ್ಲದೆ ತೀರಿಕೊಂಡಾಗ ಪಟ್ಟ ಸ್ಕಾಟ್ಲೆಂಡಿನ ದೊರೆಗೆ ಹೋಯಿತು. ಸ್ಕಾಟ್ಲೆಂಡಿಗೆ ಆರನೇ ಜೇಮ್ಸ್ ಆಗಿದ್ದವನೇ ಇಂಗ್ಲೆಂಡಿಗೆ ಮೊದಲನೇ ಜೇಮ್ಸ್. ಕಿರೀಟ ಹೊತ್ತ ತಲೆ ಒಂದೇ, ರಾಜ್ಯ ಎರಡೇ: ಎರಡು ಪಾರ್ಲಿಮೆಂಟ್, ಎರಡು ಕಾನೂನು, ಎರಡು ಖಜಾನೆ. ಈ ವ್ಯವಸ್ಥೆ, ನಡುವೆ ದೊರೆಯಿಲ್ಲದೆ ಸೇನಾನಾಯಕ ಕ್ರಾಮ್‌ವೆಲ್‌ ಆಳಿದ ಕೆಲವು ವರ್ಷ ಬಿಟ್ಟರೆ, ಒಂದು ಶತಮಾನ ನಡೆಯಿತು.

ಅದನ್ನು ಮುರಿದದ್ದು ದುಡ್ಡು. 1695ರಲ್ಲಿ ಸ್ಕಾಟ್ಲೆಂಡ್ ತನ್ನದೇ ವ್ಯಾಪಾರ ಕಂಪನಿ ಕಟ್ಟಿತು. ಜಮೀನ್ದಾರರಿಂದ ಹಿಡಿದು ಪಟ್ಟಣಸಭೆಗಳವರೆಗೆ ಎಲ್ಲರೂ ಸೇರಿ 4,00,000 ಪೌಂಡ್ ಷೇರು ಬರೆದುಕೊಟ್ಟರು. ಬಡ ನಾಡಿಗೆ ಅದು ಎಟುಕದಷ್ಟು ದೊಡ್ಡ ಮೊತ್ತ. 1698ರ ಜುಲೈನಲ್ಲಿ ಐದು ಹಡಗುಗಳಲ್ಲಿ ಸುಮಾರು 1,200 ಜನ ಈಗಿನ ಪನಾಮಾದ ಡೇರಿಯನ್ ಕರಾವಳಿಗೆ ವಸಾಹತು ಹೂಡಲು ಹೊರಟರು. ಜ್ವರ ಜನರನ್ನು ಕೊಂದಿತು, ಆಹಾರ ಕೆಟ್ಟಿತು, ಆ ನೆಲ ತಮ್ಮದೆಂದು ಸ್ಪೇನ್ ಮೇಲೆ ಬಿದ್ದಿತು. ಎಲ್ಲಕ್ಕಿಂತ ಕಹಿಯಾದದ್ದು, ಇವರದೇ ದೊರೆ ವಿಲಿಯಂ ಇಂಗ್ಲಿಷ್ ವಸಾಹತುಗಳಿಗೆ ಇವರಿಗೆ ನೆರವು ಕೊಡಬೇಡಿ ಎಂದು ಆಜ್ಞೆ ಕಳಿಸಿದ್ದ. ಸ್ಪೇನಿನ ಜತೆ ಜಗಳ ಇಂಗ್ಲೆಂಡಿಗೆ ಬೇಕಿರಲಿಲ್ಲ. 1700ರ ಹೊತ್ತಿಗೆ ಯೋಜನೆ ಮಣ್ಣುಪಾಲಾಯಿತು. ಒಬ್ಬನೇ ದೊರೆ ಎರಡು ರಾಜ್ಯಗಳ ಹಿತ ಕಾಯಲಾರ ಎಂಬುದು ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರಾಕ್ಕೆ ಅರಿವಾದದ್ದು ಆಗ.

ಇಂಗ್ಲೆಂಡಿನ ಭಯ ಬೇರೆ. ವಿಲಿಯಂನ ನಂತರ ರಾಣಿಯಾಗಲಿದ್ದ ಆನ್‌ಳ ಮಕ್ಕಳೆಲ್ಲ ತೀರಿಹೋಗಿದ್ದರು. 1701ರಲ್ಲಿ ಇಂಗ್ಲಿಷ್ ಪಾರ್ಲಿಮೆಂಟ್ ಮುಂದಿನ ಪಟ್ಟವನ್ನು ಜರ್ಮನಿಯ ಹ್ಯಾನೋವರ್ ಮನೆತನಕ್ಕೆ ಬರೆಯಿತು, ಸ್ಕಾಟ್ಲೆಂಡನ್ನು ಕೇಳದೆ. ಅದಕ್ಕುತ್ತರವಾಗಿ ಎಡಿನ್‌ಬರಾ, ನಮ್ಮ ಷರತ್ತು ಈಡೇರದಿದ್ದರೆ ನಮ್ಮ ದೊರೆಯನ್ನು ನಾವೇ ಬೇರೆ ಆರಿಸಿಕೊಳ್ಳುತ್ತೇವೆ ಎಂದು ಕಾನೂನು ಮಾಡಿತು. 1705ರಲ್ಲಿ ಇಂಗ್ಲೆಂಡ್ ಕತ್ತಿನ ಪಟ್ಟಿ ಹಿಡಿಯಿತು: ಡಿಸೆಂಬರ್ 25ರೊಳಗೆ ದಾರಿಗೆ ಬರದಿದ್ದರೆ ಸ್ಕಾಟರು ಪರದೇಶಿಗಳು, ಅವರ ದನ, ಲಿನನ್ ಬಟ್ಟೆ, ಕಲ್ಲಿದ್ದಲು ಗಡಿ ದಾಟುವಂತಿಲ್ಲ. ಸ್ಕಾಟ್ಲೆಂಡಿನ ರಫ್ತು ನಿಂತಿದ್ದೇ ಆ ಮೂರರ ಮೇಲೆ. ಒಂದಾಗುವ ಮಾತುಕತೆಗೆ ಸ್ಕಾಟ್ಲೆಂಡ್ ಒಪ್ಪಿದ ಮೇಲೆ ಆ ಕಾಯ್ದೆ ಜಾರಿಗೆ ಬರುವ ಮೊದಲೇ ರದ್ದಾಯಿತು.

1706ರ ಏಪ್ರಿಲ್‌ನಿಂದ ಜುಲೈವರೆಗೆ ಎರಡೂ ಕಡೆಯಿಂದ 31-31 ಜನ ಲಂಡನ್‌ನಲ್ಲಿ ಮಾತುಕತೆಗೆ ಕೂತರು. ಸ್ಕಾಟ್ಲೆಂಡಿಗೆ ಸಿಕ್ಕಿದ್ದು ಇಂಗ್ಲೆಂಡಿನ ಎಲ್ಲ ಬಂದರು, ವಸಾಹತುಗಳಲ್ಲಿ ಮುಕ್ತ ವ್ಯಾಪಾರ, ಪಾರ್ಲಿಮೆಂಟಿನ ಕೆಳಮನೆಯಲ್ಲಿ 45 ಸ್ಥಾನ, ಲಾರ್ಡ್ಸ್ ಸಭೆ ಎಂಬ ಮೇಲ್ಮನೆಯಲ್ಲಿ 16. ಇಂಗ್ಲೆಂಡಿನ ರಾಷ್ಟ್ರೀಯ ಸಾಲದ ಹೊರೆ ಇನ್ನು ಸ್ಕಾಟರ ತೆರಿಗೆಯ ಮೇಲೂ ಬೀಳುವುದರಿಂದ ಪರಿಹಾರವಾಗಿ 3,98,085 ಪೌಂಡ್ 10 ಶಿಲಿಂಗ್. ಶಿಲಿಂಗ್‌ವರೆಗೆ ಲೆಕ್ಕ ಹಾಕಿದ್ದಾರೆ. ಆ ಹಣದಲ್ಲೇ ಡೇರಿಯನ್ ಕಂಪನಿಯ ಷೇರುದಾರರಿಗೆ ಬಡ್ಡಿಸಮೇತ ವಾಪಸಾತಿ, ಕಂಪನಿಗೆ ಬೀಗ. ಇದಲ್ಲದೆ 20,000 ಪೌಂಡ್ ಗುಟ್ಟಾಗಿ ಬಂದು, ಬಾಕಿ ಸಂಬಳದ ಹೆಸರಿನಲ್ಲಿ ಎಡಿನ್‌ಬರಾದ ದೊಡ್ಡವರ ಕೈ ಸೇರಿತು. ಲಂಚಕ್ಕೆ ನಾಡು ಮಾರಿದರು ಎಂಬ ಮಾತು ಇವತ್ತಿಗೂ ಇಲ್ಲಿ ಕೇಳಿಬರುತ್ತದೆ. ಲಂಚ ನಿಜ. ಆದರೆ ದನ, ಬಟ್ಟೆ, ಕಲ್ಲಿದ್ದಲಿನ ಲೆಕ್ಕ ಅದಕ್ಕಿಂತ ಭಾರವಾಗಿತ್ತು ಎಂಬುದೇ ನಮಗೆ ಹೆಚ್ಚು ಸರಿಯೆನಿಸುತ್ತದೆ. ಜನಸಾಮಾನ್ಯರಂತೂ ಒಪ್ಪಿರಲಿಲ್ಲ, ಎಡಿನ್‌ಬರಾ, ಗ್ಲಾಸ್ಗೋ ಬೀದಿಗಳಲ್ಲಿ ದೊಂಬಿಯೇ ಎದ್ದಿತು. ಪಾರ್ಲಿಮೆಂಟ್ 1707ರ ಜನವರಿ 16ರಂದು ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟು ತನ್ನನ್ನೇ ಮುಗಿಸಿಕೊಂಡಿತು. ಮೇ 1ರಂದು ಗ್ರೇಟ್ ಬ್ರಿಟನ್ ಹುಟ್ಟಿತು.

ಮುಕ್ತ ವ್ಯಾಪಾರದ ಆ ನಾಲ್ಕನೇ ಕಲಮಿನ ಕೊನೆ ಕರ್ನಾಟಕದವರೆಗೂ ಚಾಚಿದೆ. ಸಾಮ್ರಾಜ್ಯದ ಬಾಗಿಲು ತೆರೆದ ಮೇಲೆ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸ್ಕಾಟರು ದೊಡ್ಡ ಸಂಖ್ಯೆಯಲ್ಲಿ ತುಂಬಿಕೊಂಡರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಡೇವಿಡ್ ಬೇರ್ಡ್, ಕೆನರಾದ ಕಂದಾಯ ಗೊತ್ತುಮಾಡಿದ ಗ್ಲಾಸ್ಗೋದ ಥಾಮಸ್ ಮನ್ರೋ, ಮೈಸೂರು ಸೀಮೆಯನ್ನು ಅಳೆದು ಶಾಸನ, ಕೈಫಿಯತ್ತುಗಳನ್ನು ಕೂಡಿಸಿದ ಲೂಯಿಸ್ ದ್ವೀಪದ ಕಾಲಿನ್ ಮೆಕೆಂಜಿ, 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿ ಬೆಳೆ-ಬೇಸಾಯ ಬರೆದಿಟ್ಟ ಫ್ರಾನ್ಸಿಸ್ ಬುಕನನ್, ಎಲ್ಲರೂ ಸ್ಕಾಟರೇ. ನಮ್ಮ ಶಾಲೆಯ ಪುಸ್ತಕಗಳು ಅವರನ್ನು "ಇಂಗ್ಲಿಷರು" ಎಂದೇ ಕರೆದವು.

ಇನ್ನು ಇಲ್ಲಿ ಬದುಕುವವರಿಗೆ ಮುಖ್ಯವಾದ ಕಲಮುಗಳು. 18ನೆಯದು ಹೇಳುವುದೇನೆಂದರೆ, ಖಾಸಗಿ ಹಕ್ಕಿನ ಕಾನೂನನ್ನು ಸ್ಕಾಟ್ಲೆಂಡಿನ ಜನರ ಸ್ಪಷ್ಟ ಹಿತಕ್ಕಲ್ಲದೆ ಬದಲಿಸುವಂತಿಲ್ಲ. 19ನೆಯದು ಇಲ್ಲಿನ ಕೋರ್ಟುಗಳನ್ನು ಎಂದೆಂದಿಗೂ ಉಳಿಸಿತು. ಪಾರ್ಲಿಮೆಂಟ್ ಹೋಯಿತು, ಕೋರ್ಟು ಉಳಿಯಿತು. ಹಳೆಯ ಪಾರ್ಲಿಮೆಂಟ್ ಕೂರುತ್ತಿದ್ದ ಹಜಾರ ಸೇಂಟ್ ಜೈಲ್ಸ್ ಚರ್ಚಿನ ಹಿಂದೆ ಈಗ ಕೋರ್ಟಿನ ಭಾಗವಾಗಿದೆ. ಕೆಲಸದ ದಿನಗಳಲ್ಲಿ ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು. ತಮ್ಮ ಮಾತು ಬೇರೆಯವರ ಕಿವಿಗೆ ಬೀಳದಿರಲೆಂದು ವಕೀಲರು ಅತ್ತಿಂದಿತ್ತ ನಡೆದಾಡುತ್ತ ಮಾತಾಡುವುದು ಕಾಣುತ್ತದೆ. ತಪ್ಪಿತಸ್ಥರೋ ಅಲ್ಲವೋ ಎಂದು ತೀರ್ಮಾನಿಸುವ ಜನಸಾಮಾನ್ಯರ ಮಂಡಳಿ, ಅಂದರೆ ಜ್ಯೂರಿಯಲ್ಲಿ, ಇಲ್ಲಿನ ಕ್ರಿಮಿನಲ್ ಕೋರ್ಟಿನಲ್ಲಿ 15 ಜನ, ಇಂಗ್ಲೆಂಡಿನಲ್ಲಿ 12.

ಖಾಸಗಿ ಹಕ್ಕಿನ ಕಾನೂನು ಎಂದರೆ ಬಾಡಿಗೆಯೂ ಸೇರಿತು. 2017ರ ಡಿಸೆಂಬರ್‌ನಿಂದ ಇಲ್ಲಿ ಖಾಸಗಿ ಬಾಡಿಗೆಗೆ ಅವಧಿ ಎಂಬುದಿಲ್ಲ. ಬಿಡಬೇಕಾದಾಗ ಬಾಡಿಗೆದಾರ 28 ದಿನದ ನೋಟಿಸ್ ಕೊಟ್ಟರಾಯಿತು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿ ಕಾನೂನುಬಾಹಿರ: ಠೇವಣಿ ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲ, ಅದನ್ನು 30 ಕೆಲಸದ ದಿನಗಳೊಳಗೆ ಅನುಮೋದಿತ ಠೇವಣಿ ಸಂಸ್ಥೆಯಲ್ಲಿ ಇಡಬೇಕು. ಏಜೆಂಟ್ "ಅರ್ಜಿ ಶುಲ್ಕ" ಕೇಳಿದರೆ ಕೊಡಬೇಡಿ, ಅದಕ್ಕೂ ಅವಕಾಶವಿಲ್ಲ. ಮನೆ ಮಾಲೀಕರಿಗೆ ನೋಂದಣಿ ಸಂಖ್ಯೆ ಇರಬೇಕು. ಹಣ ಕಳಿಸುವ ಮೊದಲು ಅದನ್ನು ಕೇಳಿ ಪರೀಕ್ಷಿಸಿ.

ಮನೆ ಕೊಳ್ಳುವವರು ಎಡವುವ ಜಾಗ ಇನ್ನೊಂದು. ಇಲ್ಲಿ ಮಾರುವವರೇ ತಜ್ಞರ ವರದಿ ಮಾಡಿಸಿ ಕೊಡುತ್ತಾರೆ, ಅದರಲ್ಲಿ ಮನೆಯ ಮೌಲ್ಯ ಇರುತ್ತದೆ. ಬೆಲೆ ಸಾಮಾನ್ಯವಾಗಿ "ಇಷ್ಟಕ್ಕಿಂತ ಮೇಲೆ" ಎಂದೇ ಜಾಹೀರಾಗುತ್ತದೆ. ಬೇಡಿಕೆ ಹೆಚ್ಚಿದ್ದರೆ ಒಂದು ದಿನ ಗೊತ್ತುಮಾಡಿ ವಕೀಲರ ಮೂಲಕ ಮುಚ್ಚಿದ ಬಿಡ್ ಕರೆಯುತ್ತಾರೆ. ಬೇರೆಯವರು ಎಷ್ಟು ಹಾಕಿದರೆಂದು ತಿಳಿಯುವುದಿಲ್ಲ. ಬ್ಯಾಂಕ್ ಸಾಲ ಕೊಡುವುದು ವರದಿಯ ಮೌಲ್ಯದ ಮೇಲೆ. 2,50,000 ಪೌಂಡ್ ಮೌಲ್ಯದ ಮನೆಗೆ 2,70,000 ಬಿಡ್ ಹಾಕಿದರೆ ಮೇಲಿನ 20,000 ಪೂರ್ತಿ ಕೈಯಿಂದಲೇ ಹೋಗಬೇಕು, ಡೌನ್ ಪೇಮೆಂಟ್ ಬೇರೆ. ಈ ಲೆಕ್ಕ ಮಾಡದೆ ಗೆದ್ದವರು ಪರದಾಡುತ್ತಾರೆ. ಇಂಗ್ಲೆಂಡಿನ ವಕೀಲರನ್ನು ಇಲ್ಲಿನ ಖರೀದಿಗೆ ಹಿಡಿದರೂ ಪ್ರಯೋಜನವಿಲ್ಲ, ಕಾನೂನೇ ಬೇರೆ.

ನೋಟುಗಳ ಕಥೆಯಲ್ಲೂ 1707 ಇದೆ. ಪರಿಹಾರದ ಹಣದಲ್ಲಿ ಬಹುಪಾಲು ನಾಣ್ಯವಾಗಿ ಬರದೆ ಕಾಗದವಾಗಿ ಬಂತು. ಆ ಕಾಗದ ಹಿಡಿದವರು ಕಟ್ಟಿಕೊಂಡ ಕಂಪನಿಯೇ 1727ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಆಯಿತು. ಅದೂ ಸೇರಿ ಮೂರು ಬ್ಯಾಂಕುಗಳು ಇಂದಿಗೂ ತಮ್ಮದೇ ಪೌಂಡ್ ನೋಟು ಹೊರಡಿಸುತ್ತವೆ. ಬೆಲೆ ಒಂದೇ, ಆದರೂ ಲಂಡನ್‌ನ ಅಂಗಡಿಯವರು ತಿರುಗಿಸಿ ನೋಡಿ ಬೇಡವೆನ್ನಬಹುದು. ಊರಿಗೆ ಹೊರಡುವ ಮೊದಲು ಇಲ್ಲಿನ ಬ್ಯಾಂಕಿನಲ್ಲೇ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಬದಲಿಸಿಕೊಳ್ಳುವುದು ಕ್ಷೇಮ.

ಕರಾರು ಎಂದ ಮೇಲೆ ಮುರಿಯಹೊರಟದ್ದೂ ಉಂಟು. ಒಪ್ಪಂದಕ್ಕೆ ಆರು ವರ್ಷವಾಗುವಷ್ಟರಲ್ಲಿ, 1713ರಲ್ಲಿ, ಮಾಲ್ಟ್ (ಬಿಯರ್‌ಗೆ ಬಳಸುವ ಮೊಳಕೆ ಬಾರ್ಲಿ) ಮೇಲಿನ ತೆರಿಗೆಯ ಸಿಟ್ಟಿಗೆ ಒಕ್ಕೂಟವನ್ನೇ ಕಳಚುವ ಗೊತ್ತುವಳಿ ಲಾರ್ಡ್ಸ್ ಸಭೆಗೆ ಬಂತು. ಸೋತದ್ದು ನಾಲ್ಕೇ ಮತಗಳಿಂದ. ಪಾರ್ಲಿಮೆಂಟ್ ಒಪ್ಪಿದ ಮಸೂದೆಗೆ ಸಿಂಹಾಸನ ಒಪ್ಪಿಗೆ ನಿರಾಕರಿಸಿದ ಕೊನೆಯ ಪ್ರಸಂಗವೂ ಸ್ಕಾಟ್ಲೆಂಡಿನದೇ: 1708ರ ಮಾರ್ಚ್ 11, ಸ್ಕಾಟಿಷ್ ಸೇನಾದಳದ ಮಸೂದೆ. ಅಂದಿನಿಂದ ಯಾವ ದೊರೆಯೂ ಆ ಅಧಿಕಾರ ಬಳಸಿಲ್ಲ.

ಹಾಗಾದರೆ 1707ರಲ್ಲಿ ಎರಡು ಪಾರ್ಲಿಮೆಂಟ್ ಹೋಗಿ ಹೊಸದೊಂದು ಬಂತೋ, ಇಂಗ್ಲೆಂಡಿನದಕ್ಕೇ 45 ಕುರ್ಚಿ ಸೇರಿಸಿದರೋ? ಅಲ್ಲಿದ್ದ 513ರ ಜತೆ 45 ಸೇರಿ 558 ಆಯಿತು. ಕಟ್ಟಡ, ನಿಯಮ ಯಾವುದೂ ಬದಲಾಗಲಿಲ್ಲ. ಇದು ಬರೀ ಪಂಡಿತರ ವಾದವಲ್ಲ. 1952ರಲ್ಲಿ ಎಡಿನ್‌ಬರಾದ ಇಂಚ್ ಬಡಾವಣೆಯ ಅಂಚೆ ಪೆಟ್ಟಿಗೆಯ ಮೇಲೆ ಎರಡನೇ ಎಲಿಜಬೆತ್ ಎಂಬ ಗುರುತು ಬಂದಾಗ ಜನ ರೊಚ್ಚಿಗೆದ್ದರು, ಏಕೆಂದರೆ ಮೊದಲನೇ ಎಲಿಜಬೆತ್ ಸ್ಕಾಟ್ಲೆಂಡನ್ನು ಆಳಿರಲೇ ಇಲ್ಲ. 1953ರ ಫೆಬ್ರವರಿಯಲ್ಲಿ ಯಾರೋ ಅದನ್ನು ಸಿಡಿಸಿಬಿಟ್ಟರು. "ಎರಡನೇ" ಎಂಬ ಆ ಹೆಸರಿನ ವಿರುದ್ಧ ಕೋರ್ಟಿಗೆ ಹೋದವರು ಸೋತರು. ಆದರೆ ಪಾರ್ಲಿಮೆಂಟಿನ ಅಧಿಕಾರಕ್ಕೆ ಮಿತಿಯೇ ಇಲ್ಲವೆಂಬುದು ಇಂಗ್ಲೆಂಡಿನ ತತ್ವ, ಸ್ಕಾಟ್ಲೆಂಡಿನ ಸಂವಿಧಾನ ಕಾನೂನಿನಲ್ಲಿ ಅಂಥ ತತ್ವವೇ ಇಲ್ಲ ಎಂದು ಮುಖ್ಯ ನ್ಯಾಯಾಧೀಶ ಲಾರ್ಡ್ ಕೂಪರ್ ಆ ತೀರ್ಪಿನಲ್ಲಿ ಬರೆದದ್ದು ಈಗಲೂ ವಾದಗಳಲ್ಲಿ ಬರುತ್ತದೆ. ಆಮೇಲೆ ಇಲ್ಲಿ ನೆಟ್ಟ ಪೆಟ್ಟಿಗೆಗಳ ಮೇಲೆ ಸ್ಕಾಟ್ಲೆಂಡಿನ ಕಿರೀಟ ಮಾತ್ರ ಇದೆ.

ವೇಲ್ಸನ್ನು 1530, 40ರ ದಶಕಗಳಲ್ಲೇ ಇಂಗ್ಲೆಂಡ್ ಕಾನೂನಿನಿಂದ ಒಳಸೇರಿಸಿಕೊಂಡಿತ್ತು, ಹಾಗಾಗಿ ಬಾವುಟದಲ್ಲಿ ಅದಕ್ಕೆ ಪಾಲಿಲ್ಲ. ಐರ್ಲೆಂಡ್ 1801ರ ಜನವರಿ 1ರಂದು ಸೇರಿ, 1922ರಲ್ಲಿ ಆರು ಕೌಂಟಿಗಳನ್ನು ಬಿಟ್ಟು ಹೊರನಡೆಯಿತು.

ಎಡಿನ್‌ಬರಾಕ್ಕೆ ಪಾರ್ಲಿಮೆಂಟ್ ಮರಳುವ ದಾರಿ ಸುಲಭವಿರಲಿಲ್ಲ. 1979ರ ಜನಮತದಲ್ಲಿ 51.6% ಬೇಕು ಎಂದರೂ, ಒಟ್ಟು ಮತದಾರರ 40% ದಾಟಬೇಕೆಂಬ ಷರತ್ತಿನಿಂದ ಬಿದ್ದುಹೋಯಿತು. 1997ರಲ್ಲಿ 74.3% ಒಪ್ಪಿದರು, 1999ರಲ್ಲಿ 129 ಸದಸ್ಯರ ಸಭೆ ಕೂತಿತು. 2014ರ ಸೆಪ್ಟೆಂಬರ್ 18ರಂದು ಪ್ರತ್ಯೇಕ ದೇಶ ಬೇಕೇ ಎಂದು ಕೇಳಿದಾಗ 84.6% ಜನ ಮತ ಹಾಕಿ, 55.3% ಬೇಡವೆಂದರು. ಮತ್ತೆ ಕೇಳುವ ಅಧಿಕಾರ ಎಡಿನ್‌ಬರಾಕ್ಕೆ ತಾನಾಗಿ ಇಲ್ಲ ಎಂದು 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಸಂಬಳದ ಮೇಲಿನ ಆದಾಯ ತೆರಿಗೆಯ ದರ ಈಗ ಇಲ್ಲೇ ತೀರ್ಮಾನ. ಸಂಬಳದ ಚೀಟಿಯಲ್ಲಿ ತೆರಿಗೆ ಸಂಕೇತ "ಎಸ್" ಅಕ್ಷರದಿಂದ ಶುರುವಾಗಬೇಕು. ಲೆಕ್ಕಕ್ಕೆ ಬರುವುದು ಕಂಪನಿ ಎಲ್ಲಿದೆ ಎಂಬುದಲ್ಲ, ನಿಮ್ಮ ಮನೆ ಎಲ್ಲಿದೆ ಎಂಬುದು. ಲಂಡನ್‌ನಿಂದ ಇಲ್ಲಿಗೆ ಬಂದವರು ತೆರಿಗೆ ಇಲಾಖೆಗೆ ವಿಳಾಸ ತಿಳಿಸದಿದ್ದರೆ ತಪ್ಪು ಕಡಿತವಾಗಿ ಮುಂದೆ ಬಾಕಿ ಬಂದು ಕೂರುತ್ತದೆ.

2014ರಲ್ಲಿ ಇನ್ನೊಂದು ವಿಶೇಷ ನಡೆಯಿತು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಲಂಡನ್‌ನಲ್ಲಿ ನೆಲೆಸಿದವರಿಗೆ ಮತವಿರಲಿಲ್ಲ; ಎಡಿನ್‌ಬರಾದಲ್ಲಿ ವೀಸಾದ ಮೇಲಿದ್ದ ಭಾರತೀಯ ವಿದ್ಯಾರ್ಥಿಗೆ ಇತ್ತು. ಕಾಮನ್‌ವೆಲ್ತ್ ದೇಶದ ಪ್ರಜೆ, ಇಲ್ಲಿ ಇರಲು ಅನುಮತಿ ಇದೆ, ಅಷ್ಟು ಸಾಕು. ಬಹಳಷ್ಟು ಕನ್ನಡಿಗರು ಇದನ್ನು ನಂಬುವುದೇ ಇಲ್ಲ, ಹೆಸರೂ ಬರೆಸುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಲಂಡನ್ನಿನ ಪಾರ್ಲಿಮೆಂಟ್, ಎಡಿನ್‌ಬರಾದ ಪಾರ್ಲಿಮೆಂಟ್, ನಗರಸಭೆ ಮೂರಕ್ಕೂ ಮತ ಹಾಕಬಹುದು. ಮೊದಲನೆಯದಕ್ಕೆ 18 ವರ್ಷ, ಉಳಿದೆರಡಕ್ಕೆ 16.

ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತದೆ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೈಯಲ್ಲಿಟ್ಟುಕೊಳ್ಳಿ. ಚುನಾವಣೆಗೆ 12 ಕೆಲಸದ ದಿನ ಮುಂಚೆ ಗಡುವು ಮುಗಿಯುತ್ತದೆ. ಮನೆ ಬದಲಿಸಿದರೆ ಮತ್ತೆ ನೋಂದಾಯಿಸಬೇಕು. ಹೆಚ್ಚಿನವರ ಹೆಸರು ಪಟ್ಟಿಯಿಂದ ತಪ್ಪುವುದು ಇಲ್ಲೇ. ಲಂಡನ್ ಪಾರ್ಲಿಮೆಂಟಿನ ಚುನಾವಣೆಗೆ ಫೋಟೊ ಗುರುತು ಬೇಕು, ಭಾರತೀಯ ಪಾಸ್‌ಪೋರ್ಟ್ ನಡೆಯುತ್ತದೆ. ಸ್ಕಾಟ್ಲೆಂಡಿನ ಎರಡು ಚುನಾವಣೆಗಳಿಗೆ ಅದೂ ಬೇಡ. ಮತ ಹಾಕುವ ರೀತಿಯೂ ಒಂದೇ ಅಲ್ಲ: ಲಂಡನ್ನಿಗೆ ಒಂದು ಚೀಟಿ, ಒಂದು ಗುಣಾಕಾರ ಚಿಹ್ನೆ, ಎಡಿನ್‌ಬರಾಕ್ಕೆ ಎರಡು ಚೀಟಿ, ಒಂದೊಂದರಲ್ಲೂ ಒಂದೊಂದು ಚಿಹ್ನೆ, ನಗರಸಭೆಗೆ ಚಿಹ್ನೆಯ ಬದಲು 1, 2, 3 ಎಂದು ಇಷ್ಟದ ಕ್ರಮದಲ್ಲಿ ಅಂಕಿ. 2007ರಲ್ಲಿ ಪಾರ್ಲಿಮೆಂಟ್, ನಗರಸಭೆ ಎರಡನ್ನೂ ಒಂದೇ ದಿನ ನಡೆಸಿ, ಪಾರ್ಲಿಮೆಂಟಿನ ಎರಡು ಮತವನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿದ್ದರಿಂದ 1.4 ಲಕ್ಷಕ್ಕೂ ಹೆಚ್ಚು ಮತಗಳು ತಿರಸ್ಕೃತವಾದವು. ಮತಗಟ್ಟೆ ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ಚೀಟಿಯ ತಲೆಯ ಮೇಲಿನ ಸೂಚನೆಯನ್ನು ಪೂರ್ತಿ ಓದಿಕೊಂಡು ಪೆನ್ಸಿಲ್ ಎತ್ತಿ.