ಒಂದೇ ಹಿಟ್ಟು, ಮೂರು ಟ್ರೇ ಮ್ಯಾಕರಾನ್

ಹೊರಗೆ ಬಿಡದೆ ಸುರಿಯುವ ಆಷಾಢದ ಮಳೆ, ಒಳಗೆ ಮಂಗಳೂರಿನ ಅಡುಗೆಮನೆಯೊಂದರಲ್ಲಿ ಒಂದೇ ಹಿಟ್ಟಿನಿಂದ ಹಾಕಿದ ಮೂರು ಟ್ರೇ ಮ್ಯಾಕರಾನ್, ಅಂದರೆ ಬಾದಾಮಿ ಪುಡಿ, ಮೊಟ್ಟೆಯ ಬಿಳಿಯಿಂದ ಮಾಡಿ ಎರಡರ ನಡುವೆ ಹೂರಣ ತುಂಬುವ ಫ್ರೆಂಚ್ ಬಿಸ್ಕತ್ತು. ಮೊದಲನೆಯದು ಬಿರುಕು ಬಿಟ್ಟಿತು, ಎರಡನೆಯದು ಒಂದು ಮಗ್ಗುಲಿಗೆ ವಾಲಿತು, ಮೂರನೆಯದು ಚೆನ್ನಾಗಿ ಬಂತು. ಅಳತೆಯಲ್ಲಿ ಒಂದು ಗ್ರಾಂ ಕೂಡ ವ್ಯತ್ಯಾಸ ಇರಲಿಲ್ಲ. ಮ್ಯಾಕರಾನ್ ಕೆಟ್ಟಾಗ ರೆಸಿಪಿ ಬದಲಿಸುವ ಅವಸರ ಬೇಡ ಎನ್ನುವುದಕ್ಕೆ ಆ ದಿನವೇ ಸಾಕ್ಷಿ.

ಅಳತೆ ಇಷ್ಟೇ: ಸುಮಾರು ಮೂರು ಮೊಟ್ಟೆಯ ಬಿಳಿ, ಅಂದರೆ 100 ಗ್ರಾಂ, ಸಣ್ಣ ಹರಳಿನ ಸಕ್ಕರೆ 100 ಗ್ರಾಂ, ಬಾದಾಮಿ ಪುಡಿ ಮತ್ತು ಐಸಿಂಗ್ ಶುಗರ್ ತಲಾ 125 ಗ್ರಾಂ. ಕಪ್, ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ, ತೂಕದ ಯಂತ್ರ ಬೇಕೇ ಬೇಕು. ಬಾದಾಮಿಯನ್ನು ಮನೆಯಲ್ಲೇ ಪುಡಿ ಮಾಡುವುದಾದರೆ ಸಿಪ್ಪೆ ತೆಗೆದು ಪೂರ್ತಿ ಒಣಗಿಸಿ, ಐಸಿಂಗ್ ಶುಗರ್ ಜೊತೆಗೇ ಮಿಕ್ಸಿಗೆ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಡುತ್ತದೆ; ಆ ಎಣ್ಣೆ ಶೆಲ್, ಅಂದರೆ ಮ್ಯಾಕರಾನ್‌ನ ಒಂದೊಂದು ಬಿಲ್ಲೆಯ ಮೇಲೆ ಕಲೆಯಾಗಿ ಕಾಣುತ್ತದೆ. ಬಣ್ಣಕ್ಕೆ ಜೆಲ್ ಅಥವಾ ಪುಡಿ ಬಳಸಿ, ನೀರಿನಂಥದ್ದು ಬೇಡ.

ಮೊಟ್ಟೆಯ ಬಿಳಿಗೆ ಸಣ್ಣ ಹರಳಿನ ಸಕ್ಕರೆ ಸೇರಿಸಿ ಹೊಡೆದ ನೊರೆ ಗಟ್ಟಿಯಾಗಿ, ಬೀಟರ್ ಎತ್ತಿದಾಗ ತುದಿ ನೆಟ್ಟಗೆ ನಿಂತ ಮೇಲೆ ಪುಡಿ ಬೆರೆಸಬೇಕು. ನಿಜವಾದ ಕಸಬು ಇರುವುದು ಈ ಬೆರೆಸುವುದರಲ್ಲೇ. ಸ್ಪ್ಯಾಟುಲಾ ಎತ್ತಿದರೆ ಹಿಟ್ಟು ಕಡಿಯದೆ ಪಟ್ಟಿಯಂತೆ ಇಳಿಯಬೇಕು, ಬಿದ್ದ ಗೆರೆ ಸುಮಾರು 20 ಸೆಕೆಂಡಿನಲ್ಲಿ ಕರಗಬೇಕು. ಗೆರೆ ಹಾಗೇ ಉಳಿದರೆ ಶೆಲ್ ಮೇಲೆ ಮೂಗಿನಂಥ ತುದಿ ನಿಲ್ಲುತ್ತದೆ. ಬಿದ್ದ ಕೂಡಲೇ ಮಾಯವಾದರೆ ಕೈ ಮೀರಿದೆ ಎಂದೇ ಅರ್ಥ: ಹಿಟ್ಟು ಹರಡಿ, ಬುಡದಲ್ಲಿ ಏಳಬೇಕಾದ ಜಾಲರಿಯಂಥ ಅಂಚು ಏಳುವುದೇ ಇಲ್ಲ.

ಮೂರೂ ಟ್ರೇಗಳಿಗೆ ಒಟ್ಟಿಗೇ ಪೈಪಿಂಗ್ ಮಾಡಿ (ಚೀಲದಿಂದ ಹಿಟ್ಟನ್ನು ಬಿಲ್ಲೆಗಳಾಗಿ ಹಿಂಡಿ), ಪ್ರತಿ ಟ್ರೇಯನ್ನೂ ಕಟ್ಟೆಗೆ ನಾಲ್ಕೈದು ಸಲ ಕುಟ್ಟಿ, ಮೇಲೆ ಬಂದ ಗುಳ್ಳೆಗಳನ್ನು ಕಡ್ಡಿಯಿಂದ ಒಡೆದದ್ದಾಯಿತು. ಮೊದಲ ಟ್ರೇ 20 ನಿಮಿಷಕ್ಕೇ ಓವನ್‌ಗೆ ಹೋಯಿತು. ಬೆರಳು ಸೋಕಿದರೆ ಇನ್ನೂ ಅಂಟುತ್ತಿತ್ತು. ಮೇಲೆ ಪೊರೆ ಕಟ್ಟದಿದ್ದರೆ ಒಳಗಿನ ಆವಿ ಬುಡದಿಂದ ಹೊರಡುವ ಬದಲು ನೆತ್ತಿಯನ್ನೇ ಸೀಳುತ್ತದೆ, ಆದದ್ದೂ ಅದೇ. ಕರಾವಳಿಯ ಮಳೆಗಾಲದಲ್ಲಿ ಗಡಿಯಾರ ನೋಡಿ ಒಣಗಿಸುವುದು ವ್ಯರ್ಥ, ಬೆರಳೇ ಅಳತೆ. ಉಳಿದೆರಡು ಟ್ರೇಗಳನ್ನು ಎಸಿ ಕೋಣೆಗೆ ಒಯ್ದ ಮೇಲೆ, 55 ನಿಮಿಷದ ಹೊತ್ತಿಗೆ ಮೇಲ್ಮೈ ಮಂಕಾಗಿ, ಬೆರಳಿಗೆ ಅಂಟದಂತಾಯಿತು.

ಎರಡನೆಯ ಟ್ರೇಯಲ್ಲಿ ಬಿರುಕು ಇರಲಿಲ್ಲ, ಆದರೆ ಎಲ್ಲ ಶೆಲ್‌ಗಳೂ ಒಂದೇ ದಿಕ್ಕಿಗೆ ವಾಲಿದ್ದವು. ಓಟಿಜಿಯ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್ನಿನ) ಫ್ಯಾನ್ ಒಂದು ಬದಿಯಿಂದ ಬಿಸಿಗಾಳಿ ನೂಕುತ್ತಿತ್ತು. ಬೇರೆ ಬೇರೆ ದಿಕ್ಕಿಗೆ ವಾಲಿದ್ದರೆ ಬಟರ್ ಪೇಪರ್ ಸುಕ್ಕಾಗಿದೆಯೋ, ಪೈಪಿಂಗ್ ಬ್ಯಾಗ್ ಓರೆಯಾಗಿತ್ತೋ ನೋಡಬೇಕು. ಜೊತೆಗೆ, ಓವನ್ನಿನ ಗುಂಡಿ 150 ಡಿಗ್ರಿ ತೋರಿಸುತ್ತಿದ್ದರೂ ಒಳಗಿಟ್ಟ ಥರ್ಮಾಮೀಟರ್ 168 ಹೇಳುತ್ತಿತ್ತು. ಇದು ಇಲ್ಲದೆ ಮ್ಯಾಕರಾನ್‌ಗೆ ಕೈ ಹಾಕಲೇಬೇಡಿ.

ಮೂರನೆಯದಕ್ಕೆ ಫ್ಯಾನ್ ಬಂದ್, ಮೇಲಿನ ಕೆಳಗಿನ ರಾಡ್ ಎರಡೂ ಆನ್, ನಡುವಿನ ಹಂತ, ಥರ್ಮಾಮೀಟರ್‌ನಲ್ಲಿ 148 ಡಿಗ್ರಿ, 16 ನಿಮಿಷ. ಬುಡ ಕೆಂಪಾಗದಿರಲು ಕೆಳಗೆ ಇನ್ನೊಂದು ಟ್ರೇ. ನೆತ್ತಿಯನ್ನು ಮೆಲ್ಲಗೆ ಅಲುಗಿಸಿದಾಗ ಬುಡದ ಮೇಲೆ ಜಾರಿದರೆ ಇನ್ನೆರಡು ನಿಮಿಷ ಬೇಕು. ಪೂರ್ತಿ ಆರುವ ಮುನ್ನ ಕಾಗದದಿಂದ ಬಿಡಿಸಲು ಹೋದರೆ ತಳ ಅಲ್ಲೇ ಉಳಿಯುತ್ತದೆ.

ಆ ಟ್ರೇಯ ಒಂದನ್ನು ಅರ್ಧಕ್ಕೆ ಕತ್ತರಿಸಿದಾಗ ನೆತ್ತಿಯ ಕೆಳಗೆ ತೆಳುವಾದ ಪೊಳ್ಳು ಕಂಡಿತು. ನೊರೆಯನ್ನು ಅತಿಯಾಗಿ ಹೊಡೆದರೂ, ಬೇಯುವುದು ಕಡಿಮೆಯಾದರೂ ಹೀಗಾಗುತ್ತದೆ. 100 ಗ್ರಾಂ ಡಾರ್ಕ್ ಚಾಕೊಲೇಟ್‌ಗೆ 80 ಗ್ರಾಂ ಕ್ರೀಮ್ ಸೇರಿಸಿದ ಗನಾಶ್ ತುಂಬಿ, ಮುಚ್ಚಿದ ಡಬ್ಬಿಯಲ್ಲಿ 24 ಗಂಟೆ ಫ್ರಿಜ್‌ನಲ್ಲಿಟ್ಟ ಮೇಲೆ ಶೆಲ್ ತೇವ ಹೀರಿ ಮೆತ್ತಗಾಯಿತು, ಆ ಸಣ್ಣ ಪೊಳ್ಳು ಬಾಯಿಗೆ ತಿಳಿಯಲೇ ಇಲ್ಲ. ತಿನ್ನುವ ಅರ್ಧ ಗಂಟೆ ಮೊದಲು ಡಬ್ಬಿ ಹೊರಗೆ ತೆಗೆದಿಡಿ, ಮುಚ್ಚಳ ಮಾತ್ರ ಆಗಲೇ ತೆರೆಯಬೇಡಿ. ತಣ್ಣಗಿನ ಶೆಲ್ ಮೇಲೆ ಮಳೆಗಾಲದ ತೇವ ಕೂಡಲೇ ಹನಿಗಟ್ಟುತ್ತದೆ.