ಕಡಲೆಕಾಯಿ ಹೊಲದಿಂದ ಕಂಡ ಬಾಲಚುಕ್ಕಿ

2024ರ ಅಕ್ಟೋಬರಿನಲ್ಲಿ ಚಿತ್ತೆ ಮಳೆ ಬೆಂಗಳೂರನ್ನು ಬಿಡಲೇ ಇಲ್ಲ. ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಚೆನ್ನಾಗಿ ಹೊಳೆದದ್ದು ಅದೇ ದಿನಗಳಲ್ಲಿ. 12ನೇ ತಾರೀಕು ಅದು ಭೂಮಿಗೆ ತೀರಾ ಹತ್ತಿರ, ಅಂದರೆ ಸುಮಾರು 7 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಪಶ್ಚಿಮದ ಆಕಾಶದಲ್ಲಿ ಬರಿಗಣ್ಣಿಗೇ ಕಾಣುತ್ತಿತ್ತಂತೆ. ನಾನು ದಿನಾ ಸಂಜೆ ಟೆರೇಸ್ ಹತ್ತುತ್ತಿದ್ದೆ. ಮೋಡ ನೋಡಿ ಇಳಿಯುತ್ತಿದ್ದೆ. 17ಕ್ಕೆ ಹುಣ್ಣಿಮೆ ಬಂತು. ಆಮೇಲೆ ಮತ್ತೆ ಮಳೆ. ಅಷ್ಟರಲ್ಲಿ ಎಲ್ಲರ ಫೋಟೋಗಳೂ ಬಂದು ಹೋದವು, ಧೂಮಕೇತುವಿನ ಮಾತೂ ನಿಂತಿತು.

ಆದರೆ ಅದು ಇನ್ನೂ ಹೋಗಿರಲಿಲ್ಲ. ಮಂಕಾಗುತ್ತಿತ್ತು, ಅಷ್ಟೇ. ಸ್ವಾತಿ ಮಳೆ ಹುಟ್ಟಿದ ಮೇಲೆ ಹಿರಿಯೂರಿನ ಕಡೆ ಮೋಡ ಹರಿದಿದೆ ಅಂತ ದೊಡ್ಡಮ್ಮ ಫೋನಿನಲ್ಲಿ ಹೇಳಿದರು. 26ನೇ ತಾರೀಕು ಶನಿವಾರ. ಚಂದ್ರ ಹುಟ್ಟುವುದು ಮಧ್ಯರಾತ್ರಿ ಕಳೆದ ಮೇಲೆ. ತಮ್ಮನ ಮಗನನ್ನು ಕರೆದುಕೊಂಡು ಬೆಳಿಗ್ಗೆಯೇ ಹೊರಟೆ. ಅವನು ಒಂಬತ್ತನೇ ಕ್ಲಾಸು.

ಸಾಮಾನು ಜಾಸ್ತಿ ಇರಲಿಲ್ಲ. ನನ್ನ ಹಳೇ ಕ್ಯಾನನ್ 1500ಡಿ, ಜೊತೆಗೆ 50 ಎಂಎಂ ಲೆನ್ಸು. ಹುಡುಗನ ಹತ್ತಿರ ಅವರಪ್ಪನ ಗೂಗಲ್ ಪಿಕ್ಸೆಲ್ ಫೋನು. ಮನೆಯಲ್ಲಿ ಮೂಲೆ ಸೇರಿದ್ದ ಪುಟ್ಟ ಪವರ್‌ಶಾಟ್ ಕ್ಯಾಮೆರಾವನ್ನೂ ಹಾಕಿಕೊಂಡೆ. ಅದರಲ್ಲಿ ಶಟರ್ ಅನ್ನು 15 ಸೆಕೆಂಡ್ ತೆರೆದಿಡಬಹುದು. ಎರಡು ಟ್ರೈಪಾಡ್, ಒಂದು 10x50 ಬೈನಾಕ್ಯುಲರ್. ಟೆಲಿಸ್ಕೋಪ್ ಇಲ್ಲ, ಆಕಾಶದ ತಿರುಗಾಟವನ್ನು ಹಿಂಬಾಲಿಸುವ ಟ್ರ್ಯಾಕರ್ ಇಲ್ಲ. ಮದುವೆ, ನಾಮಕರಣಕ್ಕೆ ಒಯ್ಯುವ ಕ್ಯಾಮೆರಾಗಳಲ್ಲೇ ಆರಿಹೋಗುತ್ತಿರುವ ಧೂಮಕೇತುವನ್ನು ಹಿಡಿಯಬೇಕು ಎನ್ನುವುದೇ ನನ್ನ ಆಸೆಯಾಗಿತ್ತು.

ತುಮಕೂರು, ಶಿರಾ ದಾಟಿ ಹಿರಿಯೂರಿಗೆ ಸುಮಾರು 160 ಕಿಲೋಮೀಟರ್. ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಮಧ್ಯಾಹ್ನ ಮಾರಿಕಣಿವೆಗೆ ಹೋಗಿ ಬಂದೆವು. 1907ರಲ್ಲಿ ಮುಗಿದ ಈ ಕಟ್ಟೆ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಎರಡನೇ ಸಲ 2022ರಲ್ಲಿ. ನಡುವೆ 89 ವರ್ಷ. ನಾವು ಹೋದಾಗ ನೀರು ಮತ್ತೆ ಏರುತ್ತಿತ್ತು. ಕಾಯುವುದು ಈ ಸೀಮೆಯ ಜನಕ್ಕೆ ಹೊಸದಲ್ಲ.

ದೊಡ್ಡಮ್ಮನ ಊರು ಧರ್ಮಪುರದ ರಸ್ತೆಯಿಂದ ಒಳಗೆ. ಕಡಲೆಕಾಯಿ ಕಿತ್ತು ಬಳ್ಳಿ ಸಮೇತ ಗುಡ್ಡೆ ಹಾಕಿದ್ದರು. ಹೊಲದ ಪಶ್ಚಿಮಕ್ಕೆ ಒಂದು ಮರವೂ ಅಡ್ಡ ಇಲ್ಲ. ದೂರದಲ್ಲಿ ಗುಡ್ಡಗಳ ಸಾಲು, ಅದರ ಮೇಲೆ ಗಾಳಿಯಂತ್ರಗಳು. ಕತ್ತಲಾದಂತೆ ಅವುಗಳ ತುದಿಯಲ್ಲಿ ಕೆಂಪು ದೀಪಗಳು ಮಿಟುಕತೊಡಗಿದವು.

ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗಿದ. ಮೊದಲು ಕಂಡವನು ಶುಕ್ರ, ನೈರುತ್ಯದಲ್ಲಿ ಕೆಳಗೆ. ಅವನ ಪಕ್ಕದಲ್ಲೇ ಕೆಂಪಗೆ ಜ್ಯೇಷ್ಠಾ ನಕ್ಷತ್ರ. ವಾಯವ್ಯದಲ್ಲಿ ಮೇಲೆ ಅಭಿಜಿತ್ ನಕ್ಷತ್ರ. ಶುಕ್ರನಿಂದ ಅಭಿಜಿತ್ ತನಕ ಒಂದು ಗೆರೆ ಎಳೆದುಕೊಳ್ಳಿ. ಅರ್ಧ ದಾರಿಗೆ ಸ್ವಲ್ಪ ಮುಂಚೆ, ಗೆರೆಯಿಂದ ತುಸು ಮೇಲೆ, ಉರಗಧರ ಪುಂಜದಲ್ಲಿ ಧೂಮಕೇತು ಇರಬೇಕಿತ್ತು. ಏಳು ಗಂಟೆಯ ಹೊತ್ತಿಗೆ ಪೂರ್ತಿ ಕತ್ತಲು. ಬೈನಾಕ್ಯುಲರ್ ಅತ್ತ ತಿರುಗಿಸಿದೆ. ಒಂದು ಮಸಕು ಉಂಡೆ. ಅದರಿಂದ ಮೇಲಕ್ಕೆ, ಸ್ವಲ್ಪ ಎಡಕ್ಕೆ ಬಾಚಿದಂತೆ ಒಂದು ಬೆಳಕಿನ ಎಳೆ. ನನಗೆ ಮಾತೇ ಹೊರಡಲಿಲ್ಲ. ಎರಡು ವಾರ ಮೋಡದ ಹಿಂದೆ ಇದ್ದದ್ದು ಇದೇ ಅಲ್ವಾ?

ಬರಿಗಣ್ಣಿಗೆ ಅದು ನೇರ ನೋಡಿದರೆ ಮಾಯ, ಪಕ್ಕಕ್ಕೆ ನೋಡಿದರೆ ಹಾಜರು. ಕಣ್ಣಿನ ನಟ್ಟನಡುವೆ ಮಂದ ಬೆಳಕು ಹಿಡಿಯುವ ಕೋಶಗಳಿರುವುದಿಲ್ಲ. ಅವು ಇರುವುದು ಸುತ್ತ. ಹುಡುಗನಿಗೆ ಇದನ್ನು ಹೇಳಿಕೊಟ್ಟೆ. ಎರಡು ನಿಮಿಷ ಸುಮ್ನೆ ನಿಂತಿದ್ದವನು "ಸಿಕ್ತು, ಸಿಕ್ತು!" ಅಂತ ಕೂಗಿದ.

ಮೊದಲು ಕೈ ಹಾಕಿದ್ದು ಕ್ಯಾನನ್‌ಗೆ. ಅಲುಗಾಡದೆ ನಿಂತ ಟ್ರೈಪಾಡಿನಲ್ಲಿ ಶಟರ್ ಎಷ್ಟು ಹೊತ್ತು ತೆರೆದಿಡಬಹುದು ಎನ್ನುವುದಕ್ಕೆ ಒಂದು ಸುಲಭ ಲೆಕ್ಕವಿದೆ. 500 ಅನ್ನು ಲೆನ್ಸಿನ ಫೋಕಲ್ ಉದ್ದದಿಂದ, ಅಂದರೆ ಅದರ ಎಂಎಂ ಸಂಖ್ಯೆಯಿಂದ ಭಾಗಿಸಬೇಕು. ನನ್ನ ಕ್ಯಾಮೆರಾದಂತೆ ಬೆಳಕು ಹಿಡಿಯುವ ಸೆನ್ಸರ್ ಸಣ್ಣದಿದ್ದರೆ ಇನ್ನೊಮ್ಮೆ 1.6ರಿಂದ. ನನ್ನ ಲೆನ್ಸಿಗೆ ಆರು ಸೆಕೆಂಡ್ ಬಂತು. ಅದಕ್ಕಿಂತ ಜಾಸ್ತಿ ಬಿಟ್ಟರೆ ಭೂಮಿ ತಿರುಗುವುದರಿಂದ ನಕ್ಷತ್ರಗಳು ಗೀಟಾಗುತ್ತವೆ. ಐದು ಸೆಕೆಂಡ್ ಇಟ್ಟೆ. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎನ್ನುವ ಐಎಸ್‌ಒ 1600. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಪೂರ್ತಿ ತೆರೆದರೆ ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಮೂಡುತ್ತದೆ. ಅದಕ್ಕೇ ಎಫ್ 2.2ಕ್ಕೆ ಇಳಿಸಿದೆ. ಜೆಪೆಗ್ ಬೇಡ, ಕ್ಯಾಮೆರಾ ತಿದ್ದದೆ ಕೊಡುವ ರಾ ಫೈಲೇ ಬೇಕು.

ಐದು ಸೆಕೆಂಡಿನ ಒಂದು ಚಿತ್ರದಲ್ಲಿ ಬಾಲ ಕಂಡೂ ಕಾಣದಂತಿರುತ್ತದೆ. ಆದ್ದರಿಂದ ಒಂದಲ್ಲ, 64 ಚಿತ್ರ ತೆಗೆಯಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಸಿಕ್ವೇಟರ್ ಅಥವಾ ಸಿರಿಲ್‌ನಂಥ ಉಚಿತ ಸಾಫ್ಟ್‌ವೇರ್ ಅವನ್ನು ನಕ್ಷತ್ರಕ್ಕೆ ನಕ್ಷತ್ರ ಕೂಡಿಸಿ ಒಂದರ ಮೇಲೊಂದು ಜೋಡಿಸುತ್ತದೆ. ಕಾಳು ಕಾಳಾಗಿ ಕಾಣುವ ನಾಯ್ಸ್ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಧೂಮಕೇತುವೂ ಚಲಿಸುತ್ತಿರುತ್ತದೆ, ಅದು ಮಸಕಾಗುವುದಿಲ್ಲವೇ ಅಂತ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಈಗ ಅದು ದಿನಕ್ಕೆ ಒಂದೆರಡು ಡಿಗ್ರಿ ಮಾತ್ರ ಸರಿಯುತ್ತಿತ್ತು. ಐದು ನಿಮಿಷದಲ್ಲಿ ಈ ಲೆನ್ಸಿನಲ್ಲಿ ಅದು ಒಂದೆರಡು ಪಿಕ್ಸೆಲ್ ಅಷ್ಟೇ.

ಮೊದಲ ಸುತ್ತು ಪೂರ್ತಿ ಹಾಳಾಯಿತು. ಶುಕ್ರನನ್ನು ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ ಕೈಯಿಂದ ಫೋಕಸ್ ಮಾಡಿದ್ದೆ. ಕ್ಯಾಮೆರಾ ತಿರುಗಿಸುವಾಗ ಬೆರಳು ಲೆನ್ಸಿನ ಉಂಗುರಕ್ಕೆ ತಾಗಿದೆ. ಗೊತ್ತಾಗಲಿಲ್ಲ. ನಲವತ್ತು ಚಿತ್ರ ತೆಗೆದ ಮೇಲೆ ಹಿಗ್ಗಿಸಿ ನೋಡಿದರೆ ನಕ್ಷತ್ರಗಳೆಲ್ಲ ಗೋಲಿ. ಹೊಟ್ಟೆ ಧಸಕ್ಕೆಂದಿತು. ಶುಕ್ರ ಇನ್ನೂ ಮುಳುಗಿರಲಿಲ್ಲ, ಅದೇ ಪುಣ್ಯ. ಮತ್ತೆ ಫೋಕಸ್ ಮಾಡಿ, ಉಂಗುರವನ್ನು ಅಲ್ಲೇ ಟೇಪ್ ಹಾಕಿ ಅಂಟಿಸಿದೆ.

ಎರಡನೇ ಸುತ್ತಿನಲ್ಲಿ ಇಬ್ಬನಿ. ಮಳೆ ಕುಡಿದ ನೆಲ ಅಲ್ವಾ, ಗಾಳಿ ನಿಂತ ಕೂಡಲೇ ಲೆನ್ಸಿನ ಗಾಜು ಮಂಜಾಯಿತು. ಒರೆಸಿದರೆ ಒಂದೇ ನಿಮಿಷ, ಮತ್ತೆ ಮಂಜು. ಒಂದೊಂದು ಚಿತ್ರವೂ ಹಿಂದಿನದಕ್ಕಿಂತ ಮಬ್ಬು. ಗಾಜನ್ನು ಸುತ್ತಲಿನ ಗಾಳಿಗಿಂತ ತುಸು ಬೆಚ್ಚಗಿಟ್ಟರೆ ಸಾಕು ಎನ್ನುವುದು ಗೊತ್ತಿತ್ತು, ಆದರೆ ಹೊಲದಲ್ಲಿ ಏನಿದೆ? ಅಷ್ಟರಲ್ಲಿ ದೊಡ್ಡಮ್ಮ ಬೇಯಿಸಿದ ಕಡಲೆಕಾಯಿ ತಂದರು. ವಿಷಯ ಕೇಳಿ ಮನೆಗೆ ಹೋದವರು ಬಟ್ಟೆಯಲ್ಲಿ ಕಟ್ಟಿದ ಬಿಸಿ ಉಪ್ಪಿನ ಗಂಟು ಹಿಡಿದು ಬಂದರು. ದಿನಾ ರಾತ್ರಿ ಅವರ ಮಂಡಿನೋವಿಗೆ ಶಾಖ ಕೊಡುವ ಗಂಟು. ಅದನ್ನು ಲೆನ್ಸಿನ ಕೊರಳಿಗೆ ಸುತ್ತಿ ದಾರ ಕಟ್ಟಿದೆವು. ಮಂಜು ಕರಗಿತು. ಒಂದೂವರೆ ಗಂಟೆ ಮತ್ತೆ ಬರಲಿಲ್ಲ.

ಆಮೇಲೆ ಕೆಲಸ ನಿರಾಳವಾಗಿ ನಡೆಯಿತು. ಹುಡುಗ ಫೋನನ್ನು ಎರಡನೇ ಟ್ರೈಪಾಡಿಗೆ ಸಿಕ್ಕಿಸಿ ನಕ್ಷತ್ರಗಳ ಮೋಡ್ ಒತ್ತಿದ. ಅದು ನಾಲ್ಕು ನಿಮಿಷ ಸಣ್ಣ ಸಣ್ಣ ಚಿತ್ರ ತೆಗೆದು ತಾನೇ ಜೋಡಿಸುತ್ತದೆ. ಬಂದ ಚಿತ್ರದಲ್ಲಿ ಎಡಗಡೆ ಆಕಾಶಗಂಗೆ, ಗಾಳಿಯಂತ್ರಗಳ ಕೆಂಪು ಚುಕ್ಕಿಗಳು, ಮೇಲೆ ಬಲಕ್ಕೆ ಅಕ್ಕಿಕಾಳಿನಷ್ಟು ಧೂಮಕೇತು. ಬಾಲ ಕೂಡ ಇದೆ! ನನಗೆ ಕ್ಯಾನನ್ ಚಿತ್ರಕ್ಕಿಂತ ಇದೇ ಹೆಚ್ಚು ಇಷ್ಟವಾಯಿತು. ನಾವು ನಿಂತ ಜಾಗ ಅದರಲ್ಲಿದೆ. ಪವರ್‌ಶಾಟ್‌ನಲ್ಲಿ ಒಂದು ಹಸಿರು ಕಲೆ ಬಂತು, ಬಾಲ ಬರಲಿಲ್ಲ.

ದೊಡ್ಡಮ್ಮನ ಕೈಗೆ ಬೈನಾಕ್ಯುಲರ್ ಕೊಟ್ಟೆ. ಅವರು ನಿಧಾನವಾಗಿ ಹುಡುಕಿದರು. "ಇದು ಚಿಕ್ಕದು ಕಣೋ," ಅಂದರು. "ನಾನು ಹನ್ನೊಂದು ವರ್ಷದವಳಿದ್ದಾಗ ಇದೇ ಕಡಲೆಕಾಯಿ ಕೀಳೋ ಕಾಲಕ್ಕೆ ಒಂದು ಬಾಲಚುಕ್ಕಿ ಬಂದಿತ್ತು. ಬೆಳಗಿನ ಜಾವ. ಪೂರ್ವದಲ್ಲಿ ಪೊರಕೆ ನಿಲ್ಲಿಸಿದ ಹಂಗೆ. ಅಪ್ಪ ನಮ್ಮನ್ನೆಲ್ಲ ಎಬ್ಬಿಸಿ ಕಣದಲ್ಲಿ ನಿಲ್ಲಿಸಿ ತೋರಿಸಿದ್ದ. ಊರಲ್ಲಿ ಎಲ್ರೂ ಹೆದರಿದ್ರು, ಅಪ್ಪ ಮಾತ್ರ ಹೆದರಲಿಲ್ಲ." ಅವರಿಗೀಗ ಎಪ್ಪತ್ತು. ಲೆಕ್ಕ ಹಾಕಿದೆ. 1965ರ ಅಕ್ಟೋಬರ್ ಕೊನೆ. ಅದು ಇಕೆಯಾ-ಸೆಕಿ. ಆ ತಿಂಗಳ 21ರಂದು ಸೂರ್ಯನನ್ನು ಸವರಿಕೊಂಡು ಹೋದ ಮಹಾ ಧೂಮಕೇತು. ಅದನ್ನು ಕಣ್ಣಾರೆ ಕಂಡವರು ನಮ್ಮ ಮನೆಯಲ್ಲೇ ಇದ್ದಾರೆ ಎನ್ನುವುದು ನನಗೆ ಆವತ್ತಿನವರೆಗೂ ಗೊತ್ತಿರಲಿಲ್ಲ. ನಾನು ಯಾವತ್ತೂ ಕೇಳಿರಲಿಲ್ಲ.

"ಇದು ಯಾಕೆ ಮಂಕಾಗ್ತಿದೆ?" ಅಂತ ಅವರೇ ಕೇಳಿದರು. ಸೆಪ್ಟೆಂಬರ್ 27ರಂದು ಅದು ಸೂರ್ಯನಿಂದ ಆರು ಕೋಟಿ ಕಿಲೋಮೀಟರಿಗೂ ಕಡಿಮೆ ದೂರದಲ್ಲಿತ್ತು, ಹಿಮ ಆವಿಯಾಗಿ ಧೂಳು ಎದ್ದು ಬಾಲವಾಯಿತು ಅಂದೆ. ಈಗ ಸೂರ್ಯನಿಂದಲೂ ನಮ್ಮಿಂದಲೂ ಏಕಕಾಲಕ್ಕೆ ದೂರ ಹೋಗುತ್ತಿದೆ. ಎದ್ದ ಧೂಳು ಹರಡಿ ತೆಳ್ಳಗಾಗುತ್ತಿದೆ. 80,000 ವರ್ಷಕ್ಕೊಮ್ಮೆ ಬರುವ ಧೂಮಕೇತು ಅಂತ ಪೇಪರುಗಳಲ್ಲಿ ಬಂದಿತ್ತು, ಆದರೆ ಅದು ತಿರುಗಿ ಬರುವುದೇ ಅನುಮಾನ. ದೊಡ್ಡಮ್ಮ ಬೈನಾಕ್ಯುಲರ್ ಇಳಿಸದೆ ಹೇಳಿದರು, "ಹಂಗಾದ್ರೆ ಹೋಗೋ ತನಕ ನೋಡಬೇಕು."

ಒಂಬತ್ತು ಗಂಟೆ ಹೊತ್ತಿಗೆ ಅದು ಗುಡ್ಡದ ಹತ್ತಿರ ಇಳಿದು ಮಬ್ಬಿನಲ್ಲಿ ಕರಗಿತು. ಲೆನ್ಸಿಗೆ ಮುಚ್ಚಳ ಹಾಕಿ ಅದೇ ಐದು ಸೆಕೆಂಡಿನ ಇಪ್ಪತ್ತು ಕಪ್ಪು ಚಿತ್ರ ತೆಗೆದುಕೊಂಡೆ. ಸೆನ್ಸರಿನ ದೋಷಗಳನ್ನು ಕಳೆಯಲು ಅವು ಬೇಕು.

ಭಾನುವಾರ ರಾತ್ರಿ ಬೆಂಗಳೂರಿನಲ್ಲಿ 64 ಚಿತ್ರಗಳನ್ನು ಜೋಡಿಸಿದೆ. ಹಿನ್ನೆಲೆಯ ಬೂದು ಬಣ್ಣವನ್ನು ಸ್ವಲ್ಪ ಸ್ವಲ್ಪವೇ ಎಳೆದು ತೆಗೆಯುತ್ತಾ ಹೋದಂತೆ ಬಾಲ ಉದ್ದವಾಗುತ್ತಾ ಹೋಯಿತು. ಬೈನಾಕ್ಯುಲರಿನಲ್ಲಿ ಎರಡು ಡಿಗ್ರಿ ಕಂಡದ್ದು ಚಿತ್ರದಲ್ಲಿ ಐದನ್ನು ದಾಟಿತು. ಆಕಾಶದಲ್ಲಿ ಚಂದ್ರನನ್ನು ಹತ್ತು ಸಲ ಸಾಲಾಗಿ ಇಟ್ಟಷ್ಟು ಉದ್ದ. ನಾವು ಹೊಲದಲ್ಲಿ ನಿಂತಿದ್ದಾಗ ಅಷ್ಟೂ ಅಲ್ಲೇ ಇತ್ತು. ಭಾನುವಾರ ಸಂಜೆ ಬೆಂಗಳೂರಿನ ಟೆರೇಸಿನಿಂದಲೂ ಅದೇ ಕ್ಯಾಮೆರಾ, ಅದೇ ಲೆನ್ಸಿನಲ್ಲಿ ತೆಗೆದಿದ್ದೆ. ಬೀದಿದೀಪಗಳ ಕಿತ್ತಳೆ ಮಬ್ಬಿನಲ್ಲಿ ಒಂದು ಚುಕ್ಕಿ ಇತ್ತು, ಬಾಲ ಇರಲಿಲ್ಲ. ಮಂಕಾದ ಧೂಮಕೇತುವಿಗೆ ಬೇಕಾದದ್ದು ದುಬಾರಿ ಕ್ಯಾಮೆರಾ ಅಲ್ಲ, ಕತ್ತಲು.

ಬೈನಾಕ್ಯುಲರನ್ನು ದೊಡ್ಡಮ್ಮನ ಹತ್ತಿರವೇ ಬಿಟ್ಟು ಬಂದಿದ್ದೆ. ದೀಪಾವಳಿ ಅಮಾವಾಸ್ಯೆಯ ಸಂಜೆ ಏಳೂವರೆಗೆ ಫೋನ್ ಬಂತು. "ಅಂಗಳದ ದೀಪ ಹಚ್ಚೋಕೆ ಮುಂಚೆ ಹೊಲಕ್ಕೆ ಹೋಗಿದ್ದೆ. ಇನ್ನೂ ಇದೆ ಕಣೋ. ಬಾಲ ಕಾಣಲ್ಲ. ಹತ್ತಿ ಎಳೆ ಉಂಡೆ ಮಾಡಿದ ಹಂಗಿದೆ. ನಿನ್ನೆಗಿಂತ ಸ್ವಲ್ಪ ಮೇಲಕ್ಕೆ ಹೋಗಿದೆ."